ಹಣ ಕಟ್ಟಿದ ಮೇಲೂ ಬೀಗ ತೆರೆಯದಿದ್ದರೆ?

ಒಂದು ಮೇಲ್ ನನಗೆ ಇನ್ನೂ ನೆನಪಿದೆ. 'ದುಡ್ಡು ಕಟ್ ಆಗಿದೆ. ಬ್ಯಾಂಕಿನಿಂದ ಮೆಸೇಜ್ ಕೂಡ ಬಂದಿದೆ. ಆದರೆ ನಿಮ್ಮ ಆ್ಯಪ್‌ನಲ್ಲಿ ಬೀಗದ ಗುರುತು ಹಾಗೇ ಇದೆ.' ಅಷ್ಟೇ ಬರೆದಿದ್ದರು. ಬೈಗುಳ ಇರಲಿಲ್ಲ. ಅದಕ್ಕೇ ಜಾಸ್ತಿ ಬೇಜಾರಾಯಿತು.

ಏನಾಗಿದೆ ಅಂತ ಹುಡುಕಲು ಎರಡು ದಿನ ಹಿಡಿಯಿತು. ಅವರು ಆಂಡ್ರಾಯ್ಡ್ ಫೋನಿನಲ್ಲಿ 'ಖರೀದಿಸಿ' ಅಂತ ಒತ್ತಿದ್ದರು. ಪಾವತಿಯ ಪರದೆ ಬಂತು. ಒಟಿಪಿ ನೋಡಲು ಮೆಸೇಜ್ ಆ್ಯಪ್‌ಗೆ ಹೋದರು. ಫೋನಿನಲ್ಲಿ ಮೆಮೊರಿ ಕಡಿಮೆ ಇತ್ತು. ಅಷ್ಟರಲ್ಲಿ ಸಿಸ್ಟಮ್ ನನ್ನ ಆ್ಯಪನ್ನು ಮುಚ್ಚಿಬಿಟ್ಟಿತು. ಪಾವತಿ ಮುಗಿಯಿತು, ಆದರೆ 'ಹಣ ಬಂತು' ಅನ್ನುವ ಸುದ್ದಿ ಕೇಳಲು ನನ್ನ ಕೋಡ್ ಎಚ್ಚರ ಇರಲಿಲ್ಲ. ಆ ಸುದ್ದಿಯನ್ನು ಖರೀದಿಯ ಪರದೆಯಲ್ಲಿ ಮಾತ್ರ ಕೇಳಿಸಿಕೊಳ್ಳುವ ಹಾಗೆ ನಾನು ಬರೆದಿದ್ದೆ. ಕಾರಣ ಗೊತ್ತಾಗಿ ನಾನು ಉತ್ತರ ಬರೆಯುವ ಹೊತ್ತಿಗೆ ಹಣ ತಾನಾಗಿಯೇ ಅವರಿಗೆ ವಾಪಸ್ ಹೋಗಿತ್ತು. ಅವರೂ ಆ್ಯಪ್ ತೆಗೆದುಹಾಕಿದ್ದರು.

ಹಣ ವಾಪಸ್ ಹೋಗಿದ್ದಕ್ಕೆ ಕಾರಣ ಗೂಗಲ್ ಪ್ಲೇಯ ಒಂದು ನಿಯಮ. ಖರೀದಿ ಆದ 3 ದಿನದೊಳಗೆ ಆ್ಯಪ್ ಅಥವಾ ಅದರ ಸರ್ವರ್ 'ಸರಿ, ಗ್ರಾಹಕರಿಗೆ ಕೊಟ್ಟಾಯಿತು' ಅಂತ ತಿಳಿಸಬೇಕು. ಇದಕ್ಕೆ ಅಕ್ನಾಲೆಜ್ ಮಾಡುವುದು ಅನ್ನುತ್ತೇವೆ. ಮಾಡದಿದ್ದರೆ ಖರೀದಿ ರದ್ದು, ಹಣ ವಾಪಸ್. ಒಳ್ಳೆಯ ನಿಯಮವೇ ಇದು. ಹಣ ಇಸಕೊಂಡು ಸಾಮಾನು ಕೊಡದವರಿಂದ ಗ್ರಾಹಕರನ್ನು ಕಾಪಾಡುತ್ತದೆ. ಆ್ಯಪಲ್ ಕಡೆ ಹೀಗೆ ಹಣ ತಾನಾಗಿ ಮರಳುವುದಿಲ್ಲ. ಅಲ್ಲಿ ಪ್ರತಿ ವ್ಯವಹಾರವನ್ನೂ 'ಫಿನಿಶ್' ಮಾಡಬೇಕು. ಅಲ್ಲಿಯ ತನಕ ಆ್ಯಪ್ ತೆರೆದಾಗಲೆಲ್ಲ ಸ್ಟೋರ್‌ಕಿಟ್, ಅಂದರೆ ಖರೀದಿಗಾಗಿ ಆ್ಯಪಲ್ ಕೊಡುವ ಕೋಡ್, ಅದನ್ನು ಮತ್ತೆ ಮತ್ತೆ ಮುಂದಿಡುತ್ತದೆ. ಎರಡೂ ಕಡೆ ಪಾಠ ಒಂದೇ. ಖರೀದಿಯ ಸುದ್ದಿ ಕೇಳುವ ಕೋಡ್ ಆ್ಯಪ್ ಶುರುವಾದ ಕೂಡಲೇ ಎದ್ದು ಕೂರಬೇಕು. ಮೊದಲು ಗ್ರಾಹಕರಿಗೆ ಕೊಡಬೇಕಾದ್ದನ್ನು ಕೊಟ್ಟು, ಅದನ್ನು ದಾಖಲೆ ಮಾಡಿ, ಆಮೇಲೆ 'ಮುಗಿಯಿತು' ಅನ್ನಬೇಕು. ಈ ಕ್ರಮ ತಿರುಗಿಸಿದರೆ ನಡುವೆ ಆ್ಯಪ್ ನಿಂತುಹೋದಾಗ ಹಣ ಕಟ್ಟಿದವರ ಕೈಗೆ ಏನೂ ಸಿಗುವುದಿಲ್ಲ, ಮತ್ತೆ ಪ್ರಯತ್ನಿಸಲು ದಾರಿಯೂ ಉಳಿಯುವುದಿಲ್ಲ.

ಬಹಳ ಡೆವಲಪರ್‌ಗಳು ಖರೀದಿಯನ್ನು ಒಂದು ಕ್ಷಣದ ಘಟನೆ ಅಂದುಕೊಳ್ಳುತ್ತಾರೆ. ಬಟನ್ ಒತ್ತಿದರು, ಹಣ ಬಂತು, ಬೀಗ ತೆರೆಯಿತು. ಟ್ಯುಟೋರಿಯಲ್‌ಗಳು ಹೇಳಿಕೊಡುವುದೂ ಅಷ್ಟೇ. ನಿಜವಾದ ಕೆಲಸ ಶುರುವಾಗುವುದು ಅದರ ಆಚೆಗೆ. ಹಣ ಕಟ್ಟಿದವರಿಗೆ ಒಂದು ಹಕ್ಕು ಹುಟ್ಟುತ್ತದೆ. ಆ ಹಕ್ಕು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬದುಕುತ್ತದೆ. ಫೋನ್ ಬದಲಾಗುತ್ತದೆ, ಕಾರ್ಡಿನ ಅವಧಿ ಮುಗಿಯುತ್ತದೆ, ಪ್ಲಾನ್ ಬದಲಾಗುತ್ತದೆ, ರಿಫಂಡ್ ಆಗುತ್ತದೆ. ಇದೆಲ್ಲದರ ನಡುವೆ ಆ ಹಕ್ಕು ಈಗ ಇದೆಯೋ ಇಲ್ಲವೋ ಅಂತ ಸರಿಯಾಗಿ ಹೇಳುವುದೇ ನಮ್ಮ ಕೆಲಸ. ಅಸಲಿ ಲೆಕ್ಕದ ಪುಸ್ತಕ ಇರುವುದು ಆ್ಯಪಲ್ ಅಥವಾ ಗೂಗಲ್ ಹತ್ತಿರ. ನಮ್ಮ ಹತ್ತಿರ ಇರುವುದು ಅದರ ನಕಲು. ನಕಲು ಹಳೆಯದಾದರೆ ತಪ್ಪು ಬಾಗಿಲು ಮುಚ್ಚುತ್ತದೆ, ಇಲ್ಲವೇ ತಪ್ಪು ಬಾಗಿಲು ತೆರೆಯುತ್ತದೆ.

ಮಾರುವ ವಸ್ತುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಆಟದ ನಾಣ್ಯದ ಹಾಗೆ ಬಳಸಿದರೆ ಖಾಲಿಯಾಗುವಂಥದ್ದು. ಒಮ್ಮೆ ಕೊಂಡರೆ ಸದಾ ಇರುವಂಥದ್ದು. ಮತ್ತೆ ಮತ್ತೆ ನವೀಕರಣ ಆಗುವ ಚಂದಾ, ಅಂದರೆ ಸಬ್‌ಸ್ಕ್ರಿಪ್ಷನ್. ಮೊದಲೆರಡು ತಕ್ಕಮಟ್ಟಿಗೆ ಸುಲಭ. ಆದರೆ ಅಲ್ಲೂ ಒಂದು ಮುಳ್ಳಿದೆ. ಎಲ್ಲ ಪಾವತಿಯೂ ಕೂಡಲೇ ಮುಗಿಯುವುದಿಲ್ಲ. ಗೂಗಲ್ ಪ್ಲೇಯಲ್ಲಿ ಕೆಲವು ಪಾವತಿ ವಿಧಾನಗಳು 'ಪೆಂಡಿಂಗ್' ಸ್ಥಿತಿಯಲ್ಲಿ ಗಂಟೆಗಟ್ಟಲೆ ಕಾಯುತ್ತವೆ. ಆ್ಯಪಲ್‌ನಲ್ಲಿ ಮಗು ಖರೀದಿಗೆ ಕೇಳಿದರೆ ಅಪ್ಪ ಅಮ್ಮ ತಮ್ಮ ಫೋನಿನಲ್ಲಿ ಒಪ್ಪಬೇಕು. ಆ ಒಪ್ಪಿಗೆ ಮರುದಿನ ಬರಬಹುದು. ಆಗ ಆ್ಯಪ್ 'ವಿಫಲ' ಅಂತ ತೋರಿಸಿದರೆ ಜನ ಎರಡನೇ ಸಲ ಒತ್ತುತ್ತಾರೆ. 'ಪಾವತಿಗೆ ಕಾಯುತ್ತಿದ್ದೇವೆ, ಆದ ಕೂಡಲೇ ತೆರೆಯುತ್ತದೆ' ಅನ್ನುವ ಒಂದು ಸಾಲು ಸಾಕು. ಪೆಂಡಿಂಗ್ ಇರುವಾಗ ವಸ್ತು ಕೊಡಬಾರದು. 3 ದಿನದ ಗಡುವು ಕೂಡ ಹಣ ನಿಜವಾಗಿ ಬಂದ ಮೇಲೆಯೇ ಶುರುವಾಗುತ್ತದೆ.

ಸರ್ವರ್ ಬೇಕೇ ಬೇಕಾ ಅಂತ ಹೊಸಬರು ಕೇಳುತ್ತಾರೆ. ಒಮ್ಮೆ ಕೊಳ್ಳುವ ಚಿಕ್ಕ ವಸ್ತುವಿಗೆ ಇಲ್ಲದಿದ್ದರೂ ನಡೆಯುತ್ತದೆ. 2021ರಲ್ಲಿ ಐಓಎಸ್ 15ರ ಜೊತೆ ಬಂದ ಸ್ಟೋರ್‌ಕಿಟ್ 2 ಪ್ರತಿ ವ್ಯವಹಾರಕ್ಕೂ ಆ್ಯಪಲ್‌ನ ಡಿಜಿಟಲ್ ಸಹಿ ಹಾಕಿ ಕೊಡುತ್ತದೆ. ಆ ಸಹಿಯನ್ನು ಫೋನಿನಲ್ಲೇ ಪರೀಕ್ಷಿಸಬಹುದು. ಆದರೆ ಚಂದಾ ಇದ್ದರೆ, ಅಥವಾ ಒಂದೇ ಖಾತೆ ಐಫೋನ್, ಆಂಡ್ರಾಯ್ಡ್, ವೆಬ್ ಮೂರರಲ್ಲೂ ನಡೆಯಬೇಕಿದ್ದರೆ, ಸರ್ವರ್ ಇಲ್ಲದೆ ಆಗುವುದಿಲ್ಲ ಅಂತ ನಾನು ಖಚಿತವಾಗಿ ಹೇಳುತ್ತೇನೆ. ಫೋನ್ ಹೇಳಿದ್ದನ್ನು ಸುಮ್ನೆ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಹಳೆಯ ಉದಾಹರಣೆ ಇದೆ. 2012ರ ಜುಲೈನಲ್ಲಿ ರಷ್ಯಾದ ಒಬ್ಬ ಡೆವಲಪರ್ ಐಫೋನ್ ಆ್ಯಪ್‌ಗಳ ಖರೀದಿಯನ್ನು ದಾರಿ ತಪ್ಪಿಸುವ ಉಪಾಯ ತೋರಿಸಿದ. ಫೋನಿಗೆ ಒಂದೆರಡು ಸರ್ಟಿಫಿಕೇಟ್ (ಸರ್ವರ್ ಅಸಲಿ ಅಂತ ಫೋನ್ ನಂಬುವ ಗುರುತುಪತ್ರ) ಹಾಕಿ, ಡಿಎನ್‌ಎಸ್ (ಸರ್ವರ್‌ಗಳ ವಿಳಾಸ ಹೇಳುವ ವ್ಯವಸ್ಥೆ) ಬದಲಾಯಿಸಿದರೆ ಸಾಕಿತ್ತು. ಆ್ಯಪ್ ಆ್ಯಪಲ್ ಜೊತೆ ಮಾತಾಡುತ್ತಿದ್ದೇನೆ ಅಂದುಕೊಂಡು ಅವನ ಸರ್ವರ್ ಜೊತೆ ಮಾತಾಡುತ್ತಿತ್ತು. ರಸೀದಿಯನ್ನು ಆ್ಯಪಲ್ ಹತ್ತಿರ ತಮ್ಮ ಸರ್ವರ್‌ನಿಂದಲೇ ಸರಿಯಾಗಿ ಪರೀಕ್ಷಿಸುತ್ತಿದ್ದವರು ಬಚಾವಾದರು.

ಸರ್ವರ್ ಇಟ್ಟ ಮೇಲೆ ಮೊದಲ ಪ್ರಶ್ನೆ: ಈ ಖರೀದಿ ಯಾರದು? ಪ್ಲೇ ಕೊಡುವುದು ಒಂದು ಪರ್ಚೇಸ್ ಟೋಕನ್, ಅಂದರೆ ಆ ಖರೀದಿಯ ಗುರುತು. ಆ್ಯಪಲ್ ಕೊಡುವುದು ಒಂದು ಮೂಲ ವ್ಯವಹಾರ ಸಂಖ್ಯೆ. ಚಂದಾ ಎಷ್ಟು ಸಲ ನವೀಕರಣ ಆದರೂ ಈ ಮೂಲ ಸಂಖ್ಯೆ ಬದಲಾಗುವುದಿಲ್ಲ. ಇವನ್ನು ನಮ್ಮ ಖಾತೆಗೆ ಗಂಟು ಹಾಕಬೇಕು. ಖರೀದಿ ಶುರುವಾಗುವಾಗಲೇ ನಮ್ಮ ಗುರುತನ್ನು ಜೊತೆಗೆ ಕಳಿಸಲು ಎರಡೂ ಕಡೆ ಜಾಗ ಇದೆ. ಆ್ಯಪಲ್‌ನಲ್ಲಿ ಅದು ಆ್ಯಪ್ ಅಕೌಂಟ್ ಟೋಕನ್, ಪ್ಲೇಯಲ್ಲಿ ಅಬ್‌ಫಸ್ಕೇಟೆಡ್ ಅಕೌಂಟ್ ಐಡಿ, ಅಂದರೆ ಮರೆಮಾಚಿದ ಖಾತೆ ಗುರುತು. ಮೊದಲ ದಿನದಿಂದಲೇ ಇದನ್ನು ತುಂಬಿ. ಒಂದು ವರ್ಷ ಆದ ಮೇಲೆ ಸಾವಿರಾರು ಖರೀದಿ ಯಾರದು ಅಂತ ಹುಡುಕುವ ಸಂಕಟ ಬೇಡ. ಮನೆಯಲ್ಲಿ ಒಂದೇ ಟ್ಯಾಬ್ಲೆಟ್‌ನಲ್ಲಿ ಇಬ್ಬರು ಲಾಗಿನ್ ಆಗುತ್ತಾರೆ. ಒಬ್ಬರ ಚಂದಾ ಇನ್ನೊಬ್ಬರ ಖಾತೆಗೆ ಅಂಟಿಕೊಂಡರೆ ಬಿಡಿಸುವುದು ಕಷ್ಟ.

ಇನ್ನು ನೋಟಿಫಿಕೇಶನ್‌ಗಳು. ನವೀಕರಣ ಆಗುವಾಗ ಬಳಕೆದಾರರು ಆ್ಯಪ್ ತೆರೆದಿರುವುದೇ ಇಲ್ಲ. ಅದಕ್ಕೆ ಎರಡೂ ಕಂಪನಿಗಳು ನಮ್ಮ ಸರ್ವರ್‌ಗೆ ನೇರ ಸುದ್ದಿ ಕಳಿಸುತ್ತವೆ. ಆ್ಯಪಲ್‌ನ ಸುದ್ದಿ ಸಹಿ ಸಮೇತ ಬರುತ್ತದೆ. ನಮ್ಮ ಸರ್ವರ್ ಉತ್ತರಿಸದಿದ್ದರೆ ಇನ್ನೂ 5 ಸಲ ಪ್ರಯತ್ನಿಸುತ್ತದೆ: 1, 12, 24, 48, 72 ಗಂಟೆಗಳ ಅಂತರದಲ್ಲಿ. ಗೂಗಲ್‌ನ ಸುದ್ದಿಯಲ್ಲಿ ಏನು ನಡೆಯಿತು ಅನ್ನುವ ಸೂಚನೆ ಮತ್ತು ಟೋಕನ್ ಮಾತ್ರ ಇರುತ್ತದೆ. ಪೂರ್ತಿ ವಿವರ ಬೇಕಾದರೆ ಅವರ ಎಪಿಐಗೆ, ಅಂದರೆ ನಮ್ಮ ಸರ್ವರ್ ಅವರ ಸರ್ವರ್ ಜೊತೆ ಮಾತಾಡುವ ಕಿಂಡಿಗೆ, ಮತ್ತೆ ಕೇಳಬೇಕು. ಒಂದೇ ಸುದ್ದಿ ಎರಡು ಸಲ ಬರಬಹುದು. ನಾಳೆಯ ಸುದ್ದಿ ಇವತ್ತಿನದಕ್ಕಿಂತ ಮೊದಲು ಬರಬಹುದು. 'ನವೀಕರಣ ಆಯಿತು' ಅಂತ ಬಂದ ಕೂಡಲೇ ಅವಧಿಗೆ 30 ದಿನ ಕೂಡಿಸುವ ಕೋಡ್ ನೋಡಿದ್ದೇನೆ. ಅದೇ ಸುದ್ದಿ ಎರಡು ಸಲ ಬಂದರೆ 60 ದಿನ ಆಗುತ್ತದೆ, ಅಲ್ವಾ? ಸುದ್ದಿಯನ್ನು ಬಾಗಿಲು ಬಡಿದ ಸದ್ದು ಅಂತ ಮಾತ್ರ ನೋಡಿ. ಸದ್ದು ಕೇಳಿದಾಗ ಎದ್ದು ಹೋಗಿ ಅಸಲಿ ಪುಸ್ತಕ ತೆರೆದು ಈಗಿನ ಸ್ಥಿತಿ ಏನು ಅಂತ ಓದಿ, ಅದನ್ನೇ ಬರೆದುಕೊಳ್ಳಿ. ಸದ್ದೇ ಕೇಳಿಸದ ದಿನಗಳಿಗಾಗಿ ದಿನಕ್ಕೊಮ್ಮೆ ಅವಧಿ ಮುಗಿಯುತ್ತಿರುವ ಚಂದಾಗಳನ್ನು ನಾವೇ ಹೋಗಿ ಕೇಳುವ ಒಂದು ಕೆಲಸವೂ ಓಡುತ್ತಿರಬೇಕು.

ಚಂದಾದ ಸ್ಥಿತಿಗಳನ್ನು 'ಇದೆ', 'ಇಲ್ಲ' ಅನ್ನುವ ಎರಡೇ ಡಬ್ಬಿಗೆ ತುಂಬುವುದು ದೊಡ್ಡ ತಪ್ಪು. ಎಲ್ಲಕ್ಕಿಂತ ಜಾಸ್ತಿ ಗೊಂದಲ ಆಗುವುದು 'ರದ್ದು' ಅನ್ನುವ ಪದದಿಂದ. ಬಳಕೆದಾರರು ತಿಂಗಳ ಮೊದಲ ವಾರ ಚಂದಾ ರದ್ದು ಮಾಡಿದರು ಅನ್ನಿ. ಅವರು ಮಾಡಿದ್ದು ಮುಂದಿನ ನವೀಕರಣ ಬೇಡ ಅಂದಿದ್ದು, ಅಷ್ಟೇ. ಈ ತಿಂಗಳಿಗೆ ಹಣ ಕೊಟ್ಟಾಗಿದೆ. ಕೊನೆಯ ದಿನದ ತನಕ ಬಾಗಿಲು ತೆರೆದೇ ಇರಬೇಕು. ರದ್ದು ಅಂದ ಕೂಡಲೇ ಬೀಗ ಹಾಕುವ ಆ್ಯಪ್ ಹಣ ಕೊಟ್ಟವರ ದಿನಗಳನ್ನು ಕಸಿದುಕೊಳ್ಳುತ್ತದೆ. ಬೇಕಂತಲೇ ಮಾಡಿರುವುದಿಲ್ಲ. ಆದರೆ ಕಳೆದುಕೊಂಡವರಿಗೆ ಅದರಿಂದ ಏನು ಸಮಾಧಾನ?

ಇದರ ಪಕ್ಕದಲ್ಲೇ ಇನ್ನೊಂದು ಗುಂಪು ಇದೆ. ಇವರು ರದ್ದು ಮಾಡಿಲ್ಲ. ಕಾರ್ಡಿನ ಅವಧಿ ಮುಗಿದಿದೆ, ಅಥವಾ ಖಾತೆಯಲ್ಲಿ ಆ ದಿನ ಹಣ ಇರಲಿಲ್ಲ. ಅವರಿಗೆ ಆ್ಯಪ್ ಬೇಕು, ವಿಷಯ ಗೊತ್ತಿಲ್ಲ ಅಷ್ಟೇ. ಆ್ಯಪಲ್ ಇಂಥ ಪಾವತಿಯನ್ನು 60 ದಿನದವರೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಡೆವಲಪರ್ ಬಯಸಿದರೆ ಗ್ರೇಸ್ ಪೀರಿಯಡ್ ಅನ್ನೂ ಇಡಬಹುದು. ಮಾಸಿಕ ಚಂದಾಕ್ಕೆ 3, 16 ಅಥವಾ 28 ದಿನ. ಆ ಅವಧಿಯಲ್ಲಿ ಹಣ ಬರದಿದ್ದರೂ ಬಳಕೆ ನಿಲ್ಲುವುದಿಲ್ಲ. ಪ್ಲೇಯಲ್ಲೂ ಗ್ರೇಸ್ ಪೀರಿಯಡ್ ಇದೆ. ಅದು ದಾಟಿದರೆ 'ಅಕೌಂಟ್ ಹೋಲ್ಡ್' ಬರುತ್ತದೆ. ಗ್ರೇಸ್‌ನಲ್ಲಿ ಬಾಗಿಲು ತೆರೆದಿರಬೇಕು, ಹೋಲ್ಡ್‌ನಲ್ಲಿ ಮುಚ್ಚಬೇಕು. ಆದರೆ ಹೋಲ್ಡ್‌ನಲ್ಲಿರುವವರಿಗೆ 'ಹೊಸದಾಗಿ ಚಂದಾ ಕಟ್ಟಿ' ಅನ್ನುವ ಪರದೆ ತೋರಿಸಬೇಡಿ. ಅವರ ಚಂದಾ ಇನ್ನೂ ಉಸಿರಾಡುತ್ತಿದೆ. 'ನಿಮ್ಮ ಕಾರ್ಡಿನಲ್ಲಿ ಪಾವತಿ ಆಗಲಿಲ್ಲ, ಇಲ್ಲಿ ಸರಿಪಡಿಸಿ' ಅಂತ ಸ್ಟೋರಿನ ಪಾವತಿ ಪುಟಕ್ಕೆ ಕರೆದುಕೊಂಡು ಹೋಗಿ. ಚಂದಾದಾರರನ್ನು ಉಳಿಸಿಕೊಳ್ಳಲು ರಿಯಾಯಿತಿ, ಆಫರ್ ಅಂತ ಎಷ್ಟೋ ಪಾಡು ಪಡುತ್ತೇವೆ. ಹೋಗಲು ಮನಸ್ಸೇ ಇಲ್ಲದವರನ್ನು ಒಂದು ಸಾಲಿನ ಸೂಚನೆ ಇಲ್ಲದೆ ಕಳೆದುಕೊಳ್ಳುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಪ್ಲಾನ್ ಬದಲಾವಣೆಯಲ್ಲೂ ಒಂದು ಗುಂಡಿ ಇದೆ. ಪ್ಲೇಯಲ್ಲಿ ಒಬ್ಬರು ಮಾಸಿಕದಿಂದ ವಾರ್ಷಿಕಕ್ಕೆ ಹೋದರೆ ಹೊಸ ಟೋಕನ್ ಹುಟ್ಟುತ್ತದೆ. ಹಳೆಯದು ಯಾವುದು ಅಂತ ಹೊಸದರ ವಿವರದಲ್ಲಿ ಬರೆದಿರುತ್ತದೆ. ಆ ಕೊಂಡಿ ನೋಡಿ ಹಳೆಯ ಟೋಕನ್‌ನ ಹಕ್ಕು ತೆಗೆಯದಿದ್ದರೆ ಒಂದೇ ಹಣಕ್ಕೆ ಎರಡು ಹಕ್ಕು ಉಳಿದಿರುತ್ತವೆ.

ರಿಫಂಡ್ ವಿಷಯದಲ್ಲಿ ಆ್ಯಪಲ್ ಕಡೆ ನಮ್ಮ ಕೈ ಕಟ್ಟಿದೆ. ಆ್ಯಪ್ ಸ್ಟೋರಿನ ಖರೀದಿಗೆ ರಿಫಂಡ್ ಕೊಡಬೇಕೋ ಬೇಡವೋ ಅಂತ ತೀರ್ಮಾನಿಸುವುದು ಆ್ಯಪಲ್. ಕೆಲವು ಸಲ ಅವರು 'ಈ ಬಳಕೆದಾರರು ವಸ್ತುವನ್ನು ಎಷ್ಟು ಬಳಸಿದ್ದಾರೆ' ಅಂತ ನಮ್ಮನ್ನು ಕೇಳುತ್ತಾರೆ. 12 ಗಂಟೆಯೊಳಗೆ ಉತ್ತರ ಕೊಡಬೇಕು. ಅದೂ ಬಳಕೆದಾರರು ಒಪ್ಪಿದ್ದರೆ ಮಾತ್ರ. 'ನಿಮ್ಮ ಹಣ ವಾಪಸ್ ಕೊಡುತ್ತೇವೆ' ಅಂತ ಬಳಕೆದಾರರಿಗೆ ಮಾತು ಕೊಡುವ ಮೊದಲು ಇದು ತಿಳಿದಿರಲಿ. ಮಾತು ಕೊಟ್ಟವರು ನಾವು, ಕೊಡಬೇಕಾದವರು ಬೇರೆ. ಪ್ಲೇಯಲ್ಲಿ ಡೆವಲಪರ್ ಕನ್ಸೋಲ್‌ನಿಂದ ನಾವೇ ರಿಫಂಡ್ ಮಾಡಬಹುದು.

ಇದೆಲ್ಲ ಪರೀಕ್ಷಿಸಲು ತಿಂಗಳುಗಟ್ಟಲೆ ಕಾಯಬೇಕಿಲ್ಲ. ಆ್ಯಪಲ್‌ನ ಸ್ಯಾಂಡ್‌ಬಾಕ್ಸ್‌ನಲ್ಲಿ, ಅಂದರೆ ನಿಜವಾದ ಹಣ ಇಲ್ಲದ ಪರೀಕ್ಷಾ ಜಾಗದಲ್ಲಿ, ಒಂದು ತಿಂಗಳ ಚಂದಾ 5 ನಿಮಿಷಕ್ಕೆ, ಒಂದು ವರ್ಷದ್ದು 1 ಗಂಟೆಗೆ ನವೀಕರಣ ಆಗುವ ಹಾಗಿದೆ. ಪ್ಲೇಯ ಪರೀಕ್ಷಾ ಖಾತೆಯಲ್ಲಿ ತಿಂಗಳು 5 ನಿಮಿಷ, ವರ್ಷ 30 ನಿಮಿಷ. ಒಂದು ಮಧ್ಯಾಹ್ನ ಕೂತು ಆರು ತಿಂಗಳ ಚಂದಾದ ಬದುಕನ್ನು ಕಣ್ಣಾರೆ ನೋಡಬಹುದು. ಪಾವತಿಯ ನಡುವೆ ಆ್ಯಪನ್ನು ಬಲವಂತವಾಗಿ ಮುಚ್ಚಿ. ನೆಟ್ ತೆಗೆಯಿರಿ. ಫೋನಿನ ಗಡಿಯಾರ ಹಿಂದೆ ಸರಿಸಿ. ಆ್ಯಪ್ ಅಳಿಸಿ ಮತ್ತೆ ಹಾಕಿ, ಹಳೆಯ ಖರೀದಿಯನ್ನು ಮರಳಿ ತರುವ 'ರಿಸ್ಟೋರ್' ಒತ್ತಿ. ರಿಸ್ಟೋರ್ ಇಲ್ಲದ ಆ್ಯಪನ್ನು ಆ್ಯಪಲ್ ಪರಿಶೀಲನೆಯಲ್ಲೇ ತಿರಸ್ಕರಿಸಬಹುದು, ಆ ಮಾತು ಬೇರೆ. ಹೊಸ ಫೋನ್ ಕೊಂಡವರಿಗೆ ಬಹಳ ಸಲ ಆ ಬಟನ್ನೇ ದಿಕ್ಕು.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. ಸ್ಟೋರಿಗೆ ಕಮಿಷನ್ ಯಾಕೆ ಕೊಡಬೇಕು? ಹೊರಗೆ, ನಮ್ಮ ವೆಬ್‌ಸೈಟಿನಲ್ಲೇ ಹಣ ತೆಗೆದುಕೊಂಡರೆ ಆಗದಾ?

2009ರಲ್ಲಿ ಆ್ಯಪಲ್ ಆ್ಯಪ್ ಒಳಗಿನ ಖರೀದಿ ಶುರುಮಾಡಿದಾಗ ಕಮಿಷನ್ ಶೇ 30 ಇತ್ತು. ಬಹಳ ವರ್ಷ ಅದೇ ಎಲ್ಲ ಕಡೆ ಮಾಮೂಲಾಯಿತು. 2016ರಲ್ಲಿ ಆ್ಯಪಲ್ ಒಂದು ವರ್ಷ ದಾಟಿದ ಚಂದಾದಾರರ ಮೇಲಿನ ಪಾಲನ್ನು ಶೇ 15ಕ್ಕೆ ಇಳಿಸಿತು. 2021ರಿಂದ ವರ್ಷಕ್ಕೆ 10 ಲಕ್ಷ ಡಾಲರ್ ಒಳಗೆ ಗಳಿಸುವ ಡೆವಲಪರ್‌ಗಳು ಅರ್ಜಿ ಹಾಕಿದರೆ ಶೇ 15 ಮಾತ್ರ. ಅದೇ ವರ್ಷದ ಜುಲೈನಿಂದ ಗೂಗಲ್ ಕೂಡ ಮೊದಲ 10 ಲಕ್ಷ ಡಾಲರಿಗೆ ಶೇ 15 ಮಾಡಿತು. 2022ರಿಂದ ಪ್ಲೇಯ ಚಂದಾಗಳಿಗೆ ಮೊದಲ ದಿನದಿಂದಲೇ ಶೇ 15 ಆಯಿತು. ಈ ಇಳಿಕೆಗಳ ಹಿಂದೆ ಒತ್ತಡ ಇತ್ತು. 2020ರ ಆಗಸ್ಟ್‌ನಲ್ಲಿ ಎಪಿಕ್ ಗೇಮ್ಸ್ ಫೋರ್ಟ್‌ನೈಟ್ ಆಟದೊಳಗೆ ತನ್ನದೇ ಪಾವತಿ ತಂದಿತು. ಎರಡೂ ಸ್ಟೋರ್‌ಗಳು ಆಟವನ್ನು ಹೊರಹಾಕಿದವು. ಮೊಕದ್ದಮೆ ಶುರುವಾಯಿತು. ಕೋರ್ಟಿನ ಆದೇಶದಿಂದ ಹೊರಗಿನ ಪಾವತಿಯ ಕೊಂಡಿಗೆ (ಲಿಂಕ್) ಅವಕಾಶ ಕೊಡಬೇಕಾಗಿ ಬಂದಾಗ ಆ್ಯಪಲ್ ಅದರ ಮೇಲೂ ಶೇ 27ರವರೆಗೆ ಕಮಿಷನ್ ಇಟ್ಟಿತು. 2025ರ ಏಪ್ರಿಲ್ 30ರಂದು ಅಮೆರಿಕದ ನ್ಯಾಯಾಧೀಶೆ ಇವಾನ್ ಗೊನ್ಸಾಲೆಸ್ ರಾಜರ್ಸ್ ಅದನ್ನು ತಮ್ಮ ಆದೇಶದ ಉಲ್ಲಂಘನೆ ಅಂದರು. ಅದೇ ತಿಂಗಳು ಯುರೋಪಿಯನ್ ಕಮಿಷನ್ ಹೊರಗಿನ ಆಫರ್‌ಗಳ ಬಗ್ಗೆ ಬಳಕೆದಾರರಿಗೆ ಹೇಳಲು ಬಿಡದಿದ್ದಕ್ಕೆ ಆ್ಯಪಲ್‌ಗೆ 50 ಕೋಟಿ ಯೂರೊ ದಂಡ ಹಾಕಿತು. ಸ್ಟೋರಿನದ್ದೇ ಪಾವತಿ ಬಳಸಿ ಅಂತ ಒತ್ತಾಯಿಸಬಾರದು ಅಂತ ದಕ್ಷಿಣ ಕೊರಿಯಾ 2021ರಲ್ಲೇ ಕಾನೂನು ಮಾಡಿತ್ತು.

ದೊಡ್ಡವರ ಈ ಜಗಳದಿಂದ ಚಿಕ್ಕವರಿಗೂ ಲಾಭ ಆಗಿದೆ. ಆದರೂ ಒಬ್ಬರೇ ಕೂತು ಆ್ಯಪ್ ಮಾಡುವವರು, ಮೂರ್ನಾಲ್ಕು ಜನರ ತಂಡದವರು ಹೊರಗಿನ ಪಾವತಿಗೆ ಅವಸರ ಮಾಡಬಾರದು ಅನ್ನುವುದು ನನ್ನ ಅಭಿಪ್ರಾಯ. ಆ ಶೇ 15ರಲ್ಲಿ ಏನೇನು ಬರುತ್ತದೆ ನೋಡಿ. ಹಲವು ದೇಶಗಳ ತೆರಿಗೆ ಲೆಕ್ಕ ಹಾಕಿ ಕಟ್ಟುವುದು ಸ್ಟೋರ್. ಕಾರ್ಡ್ ವಿಫಲವಾದರೆ ಮತ್ತೆ ಪ್ರಯತ್ನಿಸುವುದು ಸ್ಟೋರ್. ರದ್ದು ಮಾಡುವ ಜಾಗ ಸ್ಟೋರಿನಲ್ಲಿದೆ, ಎಲ್ಲ ಆ್ಯಪ್‌ಗಳದ್ದೂ ಒಂದೇ ಕಡೆ. ಹೊರಗೆ ಹೋದರೆ ಇದೆಲ್ಲ ನಮ್ಮ ತಲೆಗೆ. ಪಾವತಿ ಸಂಸ್ಥೆಯ ಶುಲ್ಕ ಬೇರೆ. ಜೊತೆಗೆ ನಿಯಮ ದೇಶದಿಂದ ದೇಶಕ್ಕೆ ಬೇರೆ, ವರ್ಷದಿಂದ ವರ್ಷಕ್ಕೆ ಬೇರೆ. ಗಳಿಕೆ 10 ಲಕ್ಷ ಡಾಲರ್ ದಾಟಿದವರ ಲೆಕ್ಕ ಬೇರೆಯೇ. ಅವರಿಗೆ ಆ ಕೆಲಸ ಮಾಡಲು ಜನ ಇಡುವ ಶಕ್ತಿ ಇರುತ್ತದೆ. ಎಲ್ಲವನ್ನೂ ಸ್ವಂತ ಬರೆಯಲು ಸಮಯ ಇಲ್ಲದವರಿಗೆ ರೆವೆನ್ಯೂಕ್ಯಾಟ್ ತರಹದ ಸೇವೆಗಳಿವೆ. ಎರಡೂ ಸ್ಟೋರಿನ ಸ್ಥಿತಿಗಳನ್ನು ಒಂದೇ ರೂಪದಲ್ಲಿ ಕೊಡುತ್ತವೆ. ಬಳಸುವುದರಲ್ಲಿ ತಪ್ಪಿಲ್ಲ. ಆದರೆ ಟೋಕನ್‌ಗಳು, ಮೂಲ ಸಂಖ್ಯೆಗಳ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ. ಮುಂದೆ ಆ ಸೇವೆ ಬಿಡಬೇಕಾದರೆ ಚಂದಾದಾರರನ್ನು ಕರೆದುಕೊಂಡು ಬರಲು ಅದೇ ಆಧಾರ.

ನಾನು ಬೆಲೆಯ ಪರದೆಯ ಬಗ್ಗೆಯೂ ಹೇಳಲೇಬೇಕು. 7 ದಿನ ಉಚಿತ ಅಂತ ದೊಡ್ಡಕ್ಷರದಲ್ಲಿ, ಆಮೇಲಿನ ವಾರ್ಷಿಕ ಬೆಲೆ ಬೂದು ಬಣ್ಣದ ಸಣ್ಣಕ್ಷರದಲ್ಲಿ. ಮುಚ್ಚುವ ಗುರುತು ಐದು ಸೆಕೆಂಡ್ ಆದ ಮೇಲೆ ಬರುತ್ತದೆ. ಇದು ಮೋಸ. ಕೆಲವರು ಇದಕ್ಕೆ 'ಆಪ್ಟಿಮೈಸೇಶನ್' ಅನ್ನುತ್ತಾರೆ. 2014ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮಕ್ಕಳು ಮಾಡಿದ ಖರೀದಿಗಳ ವಿಷಯದಲ್ಲಿ ಆ್ಯಪಲ್‌ನಿಂದ ಕನಿಷ್ಠ 3.25 ಕೋಟಿ ಡಾಲರ್, ಗೂಗಲ್‌ನಿಂದ ಕನಿಷ್ಠ 1.9 ಕೋಟಿ ಡಾಲರ್ ಗ್ರಾಹಕರಿಗೆ ವಾಪಸ್ ಕೊಡಿಸಿತು. ಆ್ಯಪಲ್ ಪ್ರಕರಣದ ತಿರುಳು ಇಷ್ಟು: ಅಪ್ಪ ಅಮ್ಮ ಒಮ್ಮೆ ಪಾಸ್‌ವರ್ಡ್ ಹಾಕಿದರೆ 15 ನಿಮಿಷ ಮತ್ತೆ ಕೇಳುತ್ತಿರಲಿಲ್ಲ. ಅದು ಅವರಿಗೆ ಯಾರೂ ಹೇಳಿರಲಿಲ್ಲ. 2025ರಲ್ಲಿ ಇದೇ ಸಂಸ್ಥೆಯ ಜೊತೆ ಪ್ರೈಮ್ ಚಂದಾದ ಪ್ರಕರಣ ಮುಗಿಸಲು ಅಮೆಜಾನ್ 250 ಕೋಟಿ ಡಾಲರಿಗೆ ಒಪ್ಪಿತು. ಆರೋಪಗಳಲ್ಲಿ ಒಂದು, ರದ್ದು ಮಾಡುವ ದಾರಿಯನ್ನು ಬೇಕಂತಲೇ ಸುತ್ತು ಬಳಸಿ ಇಟ್ಟಿದ್ದರು ಅನ್ನುವುದು.

ಆ ಮೇಲ್ ಬಂದ ಮೇಲೆ ನನ್ನ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಒಂದು ಚಿಕ್ಕ ಪುಟ ಸೇರಿಸಿದೆ. ಅದರಲ್ಲಿ ಮೂರು ಸಾಲು ಇವೆ. ಯಾವ ಪ್ಲಾನ್, ಯಾವ ಸ್ಟೋರಿನಿಂದ ಕೊಂಡಿದ್ದು. ಈಗಿನ ಸ್ಥಿತಿ ಏನು, ಮಾಮೂಲಿ ಮಾತಿನಲ್ಲಿ: 'ರದ್ದಾಗಿದೆ, ಆದರೆ 14ನೇ ತಾರೀಖಿನ ತನಕ ಬಳಸಬಹುದು' ಅಥವಾ 'ಪಾವತಿ ಆಗಿಲ್ಲ, ಸ್ಟೋರ್ ಮತ್ತೆ ಪ್ರಯತ್ನಿಸುತ್ತಿದೆ'. ಕೊನೆಯದಾಗಿ, ನಮ್ಮ ಸರ್ವರ್ ಸ್ಟೋರನ್ನು ಕೊನೆಗೆ ಯಾವಾಗ ಕೇಳಿತು ಅನ್ನುವ ಸಮಯ. ಕೆಳಗೆ ಎರಡು ಬಟನ್: ಒಂದು ರಿಸ್ಟೋರ್, ಇನ್ನೊಂದು ನೇರವಾಗಿ ರದ್ದು ಮಾಡುವ ಪುಟಕ್ಕೆ. ಈಗ 'ದುಡ್ಡು ಕಟ್ಟಿದ್ದೇನೆ, ತೆರೆದಿಲ್ಲ' ಅಂತ ಬರೆಯುವವರು ಕಡಿಮೆ. ಬರೆದವರೂ ಆ ಪುಟದ ಚಿತ್ರ ಕಳಿಸುತ್ತಾರೆ. ಆ ಸಮಯ ನೋಡಿದರೆ ಲೆಕ್ಕ ಎಲ್ಲಿ ಹಿಂದೆ ಬಿದ್ದಿದೆ ಅಂತ ನನಗೆ ಕೂಡಲೇ ತಿಳಿಯುತ್ತದೆ.